ಬೈಕಿನ ಹಿಂದಿನ ಸೀಟು

ಬಿದ್ದದ್ದು ನನಗೆ ನೆನಪಿಲ್ಲ. ಬೇರೆಯವರು ಹೇಳಿದ್ದನ್ನು ಕೇಳಿ ಕೇಳಿ ಈಗ ನೆನಪಿದ್ದ ಹಾಗೆಯೇ ಆಗಿದೆ. ಆದರೆ ಅದು ಸಾಕ್ಷಿಗಳ ಹೇಳಿಕೆ, ನನ್ನ ನೆನಪಲ್ಲ. ಎರಡಕ್ಕೂ ಇರುವ ವ್ಯತ್ಯಾಸ ನನಗೆ ಗೊತ್ತಿರಬೇಕಾದದ್ದೇ, ಯಾಕೆಂದರೆ ಹೊಟ್ಟೆಪಾಡಿಗೆ ನಾನು ಎರ್ನಾಕುಳಂನ ಹೈಕೋರ್ಟಿನಲ್ಲಿ ಕಪ್ಪು ಕೋಟು ಹಾಕುವವ. ಕಾಸರಗೋಡಿನ ಕಡೆಯಿಂದ ಬರುವ ಅಪೀಲುಗಳಲ್ಲಿ ಹಳೆಯ ಕನ್ನಡ ದಸ್ತಾವೇಜುಗಳಿದ್ದರೆ ಓದಿ ಅರ್ಥ ಹೇಳಲಿಕ್ಕೆ ಬೇರೆ ವಕೀಲರೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ.

ಇದನ್ನು ಬರೆಯಬೇಕೆಂದು ಅನ್ನಿಸಿದ್ದು ಅಂಥವರೊಬ್ಬರಿಂದ. ಹಿರಿಯ ಮಲಯಾಳಿ ವಕೀಲರು, ಎಲ್ಲರ ಎದುರು ಗಟ್ಟಿ ಸ್ವರದಲ್ಲಿ ಮಾತಾಡುವವರು. ಕಳೆದ ತಿಂಗಳು ಕೋರ್ಟಿನ ವರಾಂಡದಲ್ಲಿ ನನ್ನ ತೋಳು ಹಿಡಿದು ಕಂಬದ ಮರೆಗೆ ಎಳೆದುಕೊಂಡು ಹೋದರು. "ಶಂಕರಾ, ನಿನಗಾದದ್ದೇ ನನ್ನ ಅಳಿಯನಿಗೂ ಆಗಿದೆ. ನೀನು ಎಲ್ಲಿ ತೋರಿಸಿದೆ?" ಎಂದು ಪಿಸುಗುಟ್ಟಿದರು. ಹೇಳಿದೆ. ಆ ಕಂಬದ ಮರೆ ನನಗೆ ಹೊಸತಲ್ಲ. ನಾನೂ ನನ್ನ ಮನೆಯವರೂ ಅಂಥ ಒಂದು ಮರೆಯಲ್ಲಿ ಕೆಲವು ಕಾಲ ಉಸಿರು ಬಿಗಿಹಿಡಿದು ನಿಂತಿದ್ದೆವು.

ನಮ್ಮ ಮನೆ ಎರ್ನಾಕುಳಂನ ವೈಟ್ಟಿಲದಲ್ಲಿ, ಒಂದು ಫ್ಲ್ಯಾಟು. ಮನೆಯಲ್ಲಿ ನಾನು, ಹೆಂಡತಿ ವಿದ್ಯಾ, ಮಗಳು ಚೈತ್ರ, ಮತ್ತೆ ಅಪ್ಪ ಹೋದ ಮೇಲೆ ಕಾಸರಗೋಡಿನಿಂದ ಬಂದು ನಮ್ಮ ಜೊತೆಗೇ ಇರುವ ಅಮ್ಮ. ವಿದ್ಯಾ ಮೈಸೂರಿನವಳು, ಬ್ಯಾಂಕಿನಲ್ಲಿ ಕೆಲಸ. ಆಗ ಅವಳಿದ್ದದ್ದು ಅಂಬಲಮುಗಳಿನ ಶಾಖೆಯಲ್ಲಿ. ಚೈತ್ರಳ ಶಾಲೆ ಕಳಮಶ್ಶೇರಿಯಲ್ಲಿ. ಬೆಳಿಗ್ಗೆ ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಶಾಲೆಗೆ ಬಿಟ್ಟು, ಅಲ್ಲಿಂದ ನಾನು ಕೋರ್ಟಿಗೆ ಹೋಗುತ್ತಿದ್ದೆ.

ಆ ಸವಾರಿ ನನಗೆ ಯಾಕೆ ಅಷ್ಟು ಬೇಕಿತ್ತೆಂದು ಹೇಳದಿದ್ದರೆ ಮುಂದಿನದ್ದು ಯಾರಿಗೂ ಅರ್ಥವಾಗಲಿಕ್ಕಿಲ್ಲ. ಇಲ್ಲಿ ಬೆಳೆದ ಮಕ್ಕಳಿಗೆ ಕನ್ನಡ ಕಿವಿಯಲ್ಲುಂಟು, ಬಾಯಲ್ಲಿಲ್ಲ. ಅಜ್ಜಿ ಕನ್ನಡದಲ್ಲಿ ಕೇಳಿದರೆ ಚೈತ್ರ ಮಲಯಾಳದಲ್ಲಿ ಉತ್ತರ ಕೊಡುವಳು. ನಾನು ಮಾತು ಕಲಿತದ್ದು ನನ್ನ ಅಜ್ಜಿ, ದೊಡ್ಡಮ್ಮಂದಿರ ಬಾಯಿಂದ. ಅವರು ತೆಂಗಿನಕಾಯಿ ತುರಿಯುತ್ತಾ ಹೇಳಿದ ಕತೆಗಳಿಂದ. ಅದು ನನ್ನಲ್ಲಿಗೇ ನಿಂತುಹೋಗುತ್ತದಲ್ಲ ಎಂಬ ಸಂಕಟ. ಹಾಗಾಗಿ ಮಗಳು ಸಣ್ಣವಳಿದ್ದಾಗಲೇ ಒಂದು ಆಟ ಕಟ್ಟಿದ್ದೆ: ಹೆಲ್ಮೆಟ್ಟಿನ ಒಳಗೆ ಮಲಯಾಳ ಕೇಳಿಸುವುದಿಲ್ಲ, ಕನ್ನಡ ಮಾತ್ರ ಕೇಳಿಸುತ್ತದೆ. ಮೊದಮೊದಲು ಅವಳು ನಂಬಿದಳು. ದೊಡ್ಡವಳಾದ ಮೇಲೆ ನಂಬಿಕೆ ಹೋಯಿತು, ಆಟ ಉಳಿಯಿತು. ಶಾಲೆ ಬರುವವರೆಗೂ ಹಿಂದಿನಿಂದ ನನ್ನ ಹೆಗಲ ಮೇಲೆ ಗಲ್ಲ ಊರಿ ಹರಟುತ್ತಿದ್ದಳು.

"ಅಪ್ಪ, ನಮ್ಮ ಮ್ಯಾತ್ಸ್ ಟೀಚರಿಗೆ ಮದುವೆ ಬಂದಿದೆ."

"ಮದುವೆ ಬರುವುದು ಜ್ವರದ ಹಾಗೆಯಾ? ನಿಶ್ಚಯ ಆಗಿದೆ ಅಂತ ಹೇಳ್ಬೇಕು."

"ಅದೇ. ನಿಶ್ಚಯ ಬಂದಿದೆ."

ಇಡೀ ದಿನದಲ್ಲಿ ಅವಳ ಬಾಯಿಂದ ನನಗೆ ಸಿಗುತ್ತಿದ್ದ ಕನ್ನಡ ಅಷ್ಟೇ, ಸಿಗುತ್ತಿದ್ದದ್ದೂ ಅಲ್ಲಿ ಮಾತ್ರ.

ಆ ದಿನ ವಿದ್ಯಾ ಕನ್ನಡಕ ಮರೆತು ಕೆಲಸಕ್ಕೆ ಹೋಗಿದ್ದಳು. ಚೈತ್ರಳನ್ನು ಶಾಲೆಯ ಗೇಟಿನಲ್ಲಿ ಇಳಿಸಿ, ಕನ್ನಡಕದ ಡಬ್ಬಿ ಜೇಬಿನಲ್ಲಿಟ್ಟುಕೊಂಡು ಅಂಬಲಮುಗಳಿನ ಕಡೆ ಬೈಕು ತಿರುಗಿಸಿದೆ. ಕಾಕ್ಕನಾಡು ದಾಟಿದ್ದು ನೆನಪುಂಟು. ಮುಂದೆ ಅಲ್ಲಿನ ಎಣ್ಣೆ ರಿಫೈನರಿಯ ಟ್ಯಾಂಕರ್ ಲಾರಿಗಳು ರಸ್ತೆಬದಿಯಲ್ಲಿ ಸಾಲಾಗಿ ನಿಂತಿದ್ದದ್ದು ನೆನಪುಂಟು. ಒಂದು ಟ್ಯಾಂಕರಿನ ಹಿಂದಿನ ಏಣಿಗೆ ಯಾರೋ ಒಗೆದ ಲುಂಗಿ ಒಣಹಾಕಿದ್ದರು, ನೀಲಿ ಚೌಕುಳಿಯದ್ದು. ಆ ಲುಂಗಿಯ ನಂತರ ನನಗೆ ಕಾಣುವುದು ಆಸ್ಪತ್ರೆಯ ಫ್ಯಾನು. ಫ್ಯಾನಿನ ಕೆಳಗೆ ವಿದ್ಯಾ. ಅದೇ ಕನ್ನಡಕ ಹಾಕಿಕೊಂಡು ಅಳುತ್ತಿದ್ದಳು. ನನ್ನ ಕಾಲರ್ ಬೋನ್ ಮುರಿದಿತ್ತು, ತುಟಿ ಹರಿದಿತ್ತು, ಹೆಲ್ಮೆಟ್ ಸೀಳಿತ್ತು, ಕನ್ನಡಕಕ್ಕೆ ಮಾತ್ರ ಒಂದು ಗೆರೆಯೂ ಬಿದ್ದಿರಲಿಲ್ಲ.

ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು: ಟ್ಯಾಂಕರುಗಳಿಂದ ರಸ್ತೆಗೆ ಎಣ್ಣೆ ಚೆಲ್ಲಿತ್ತಂತೆ, ಚಕ್ರ ಜಾರಿತಂತೆ. ನನಗೂ ಅದು ಹಿಡಿಸಿತು. ಎಣ್ಣೆ ಎಂದರೆ ತಪ್ಪು ರಸ್ತೆಯದ್ದು.

ಅದನ್ನು ಕೆಡಿಸಿದ್ದು ಒಬ್ಬ ಎಳೆ ವಯಸ್ಸಿನ ಡಾಕ್ಟರಮ್ಮ. ಬಿಡುಗಡೆಯ ಹಿಂದಿನ ದಿನ ಬಂದು, "ನಾಲಗೆ ತೋರಿಸಿ ಸಾರ್," ಎಂದಳು. ತೋರಿಸಿದೆ. ಬದಿಯಲ್ಲಿ ಕಚ್ಚಿದ ಗಾಯವಿತ್ತು.

"ಬಿದ್ದಾಗ ಕಚ್ಚಿಕೊಂಡದ್ದು," ಎಂದೆ.

"ಇರಬಹುದು. ಬೀಳುವ ಮೊದಲು ಏನಾಯಿತು?"

"ಎಣ್ಣೆ ಇತ್ತಂತೆ."

"ಅಂತೆ ಬೇಡ ಸಾರ್. ನಿಮಗೆ ಏನು ನೆನಪಿದೆ?"

ಕೋರ್ಟಿನಲ್ಲಿ ನಾನು ಎಷ್ಟೋ ಸಾಕ್ಷಿಗಳ ವಿಷಯದಲ್ಲಿ ಎತ್ತಿದ ಪ್ರಶ್ನೆ ಅದು. "ಲುಂಗಿ," ಎಂದೆ. ಅವಳು ನಗಲಿಲ್ಲ. "ಬಿದ್ದು ಪ್ರಜ್ಞೆ ತಪ್ಪಿತೋ, ಪ್ರಜ್ಞೆ ತಪ್ಪಿದ್ದಕ್ಕೆ ಬಿದ್ದಿರೋ, ಅದು ನನಗೆ ಗೊತ್ತಾಗಬೇಕು," ಎಂದು ಮನೆಯವರ ಕಡೆ ತಿರುಗಿದಳು. "ಇವರು ಇದ್ದಕ್ಕಿದ್ದ ಹಾಗೆ ಸುಮ್ಮನಾಗುವುದು, ಕರೆದರೆ ಉತ್ತರ ಕೊಡದೆ ನೋಡುತ್ತಾ ಇರುವುದು, ಅಂಥದ್ದೇನಾದರೂ ಕಂಡಿದ್ದೀರಾ?"

"ಕರೆದ್ರೆ ಉತ್ತರ ಕೊಡದೇ ಇರೋದು ಇವರಿಗೆ ಮದುವೆ ಆದಾಗಿನಿಂದ ಇದೆ ಡಾಕ್ಟ್ರೇ," ಎಂದಳು ವಿದ್ಯಾ. ಡಾಕ್ಟರಿಗೆ ತಿಳಿಯಲೆಂದು ಅದನ್ನೇ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿದಳು. ನಾವೆಲ್ಲ ಸ್ವಲ್ಪ ನಕ್ಕೆವು.

ಮಂಚದ ಕಾಲ ಬಳಿ ನಿಂತಿದ್ದ ಚೈತ್ರ ನಗಲಿಲ್ಲ. ಮಲಯಾಳದಲ್ಲಿ, ಟೀಚರಿಗೆ ಉತ್ತರ ಹೇಳುವ ಹಾಗೆ ಹೇಳಿದಳು: "ಸಿಗ್ನಲಿಲ್ ಅಪ್ಪ ಅನಙ್ಙಿಯಿಲ್ಲ." ಸಿಗ್ನಲಿನಲ್ಲಿ ಅಪ್ಪ ಅಲುಗಾಡಲಿಲ್ಲ. ಆ ಅಪಘಾತಕ್ಕೆ ಕೆಲವು ದಿನ ಮೊದಲು ಕಳಮಶ್ಶೇರಿಯ ಹತ್ತಿರ ಹಸಿರು ದೀಪ ಬಿದ್ದಿತ್ತಂತೆ, ಹಿಂದಿನ ವಾಹನಗಳೆಲ್ಲ ಹಾರ್ನ್ ಹೊಡೆಯುತ್ತಿದ್ದವಂತೆ. ಅವಳು ಕರೆದಳಂತೆ, ಬೆನ್ನಿಗೆ ಗುದ್ದಿದಳಂತೆ. ಸ್ವಲ್ಪ ಹೊತ್ತು ಬಿಟ್ಟು ನಾನು ಏನೂ ಆಗದವನ ಹಾಗೆ ಗೇರು ಹಾಕಿ ಹೊರಟೆನಂತೆ.

"ಯಾಕೆ ಯಾರಿಗೂ ಹೇಳಲಿಲ್ಲ ಮಗಳೇ?" ಎಂದು ಡಾಕ್ಟರಮ್ಮ ಕೇಳಿದಳು.

"ಅಪ್ಪ ಕೇಸಿನ ಬಗ್ಗೆ ಯೋಚಿಸುತ್ತಿದ್ದಾರೆ ಅಂತ ಗ್ರಹಿಸಿದೆ."

ನನಗೆ ಆ ಸಿಗ್ನಲಿನ ನೆನಪೇ ಇಲ್ಲ. ದಿನಾ ನಿಲ್ಲುವ ಸಿಗ್ನಲು, ಅಂದೂ ನಿಂತೆ, ಹೊರಟೆ, ಅಷ್ಟೇ. ಅಂದು ಮಲಗಿದಲ್ಲೇ ಒಂದು ಲೆಕ್ಕ ಹಾಕಲು ಶುರುಮಾಡಿದೆ, ಆಮೇಲೆ ಅದು ನಿಲ್ಲಲಿಲ್ಲ. ಸಿಗ್ನಲಿನಲ್ಲಿ ಬಂದದ್ದು ನಿಂತಿರುವಾಗ ಬಂದಿತ್ತು. ಟ್ಯಾಂಕರುಗಳ ಹತ್ತಿರ ಬಂದದ್ದು ಓಡುತ್ತಿರುವಾಗ. ಎರಡನೆಯದು ಮೊದಲು ಬಂದಿದ್ದರೆ? ಅವಳನ್ನು ಇಳಿಸುವ ಮೊದಲು ಬಂದಿದ್ದರೆ? ಭುಜದ ನೋವಿಗೆ ಕೊಟ್ಟ ಮಾತ್ರೆ ಈ ಲೆಕ್ಕವನ್ನು ಮುಟ್ಟುತ್ತಿರಲಿಲ್ಲ.

ಆದರೂ ಎಣ್ಣೆಯನ್ನು ನಾನು ಸುಲಭಕ್ಕೆ ಬಿಟ್ಟುಕೊಡಲಿಲ್ಲ. ಕೈ ಇನ್ನೂ ಜೋಳಿಗೆಯಲ್ಲಿರುವಾಗಲೇ ಆಟೋ ಮಾಡಿಕೊಂಡು ಬಿದ್ದ ಜಾಗಕ್ಕೆ ಹೋದೆ. ಅಲ್ಲೊಂದು ಚಹಾದ ಅಂಗಡಿ. ಅಂಗಡಿ ನಡೆಸುವ ಚೇಟ್ಟನಿಗೆ ನನ್ನ ಗುರುತು ಹತ್ತಿತು.

"ಎಣ್ಣೆಯಾ? ಯಾವ ಎಣ್ಣೆ ಸಾರೇ? ನೀವು ನಿಮ್ಮ ಮನೆಗೆ ಹೋಗುವ ಹಾಗೆ ನೇರ ಆ ಮಣ್ಣಿನ ರಾಶಿಗೆ ಹೋದಿರಿ. ಬ್ರೇಕೂ ಇಲ್ಲ, ತಿರುಗಿಸಿದ್ದೂ ಇಲ್ಲ."

ಬೆಂಚಿನಲ್ಲಿ ಕೂತಿದ್ದ ಟ್ಯಾಂಕರ್ ಡ್ರೈವರನೊಬ್ಬ ಗ್ಲಾಸು ಕೆಳಗಿಟ್ಟ. "ಸುಮ್ಮನೆ ಹೇಳಬೇಡ. ಎಣ್ಣೆ ಇತ್ತು. ನಾನು ಕಣ್ಣಾರೆ ಕಂಡಿದ್ದೇನೆ."

"ನೀನು ಆ ದಿನ ಇಲ್ಲಿ ಇರಲೇ ಇಲ್ಲವಲ್ಲೋ."

"ಆ ದಿನ ಇರಲಿಲ್ಲ. ಇಲ್ಲಿ ಎಣ್ಣೆ ಯಾವಾಗಲೂ ಇರುತ್ತದೆ."

ಅವರಿಬ್ಬರೂ ಜಗಳಕ್ಕೆ ನಿಂತರು, ನನಗೆ ಬಿಟ್ಟಿ ಚಹಾ ಸಿಕ್ಕಿತು. ಅಷ್ಟು ದೂರ ಹೋಗಿ ನಾನು ತಂದದ್ದು ಅದೊಂದೇ.

ಮನೆಯಲ್ಲಿ ಬೇರೊಂದು ತೀರ್ಪು ಆಗಿಹೋಗಿತ್ತು. ಗ್ಯಾರೇಜಿನವನು ಬೈಕು ರಿಪೇರಿ ಮಾಡಿ ಕೆಳಗೆ ಪಾರ್ಕಿಂಗಿನಲ್ಲಿ ನಿಲ್ಲಿಸಿ ಹೋಗಿದ್ದ. ಅಮ್ಮನ ಹತ್ತಿರ ಕೀ ಕೇಳಿದೆ.

"ಕೀ ನನ್ನ ಹತ್ರ ಉಂಟು. ಅಲ್ಲೇ ಇರ್ಲಿ," ಎಂದರು ಅಮ್ಮ, ಬೀನ್ಸಿನ ನಾರು ತೆಗೆಯುತ್ತಾ. "ನೀನು ಬೋಧ ಇಲ್ಲದೆ ಮಲಗಿದ್ದಾಗ ಊರಿನ ಗಣಪತಿ ದೇವರಿಗೆ ಹೇಳಿ ಆಗಿದೆ. ಇವನನ್ನು ಉಳಿಸಿಕೊಡು, ಇವ ಇನ್ನು ಬೈಕು ಮುಟ್ಲಿಕ್ಕಿಲ್ಲ ಅಂತ."

ದೇವರ ಫೋಟೋದ ಹಿಂದೆ ಹಳದಿ ಬಟ್ಟೆಯಲ್ಲಿ ಕಟ್ಟಿದ ನಾಣ್ಯ ಕಂಡಿತು. ಹರಕೆಗೆ ಅದೇ ಮುದ್ರೆ.

"ನನ್ನನ್ನು ಕೇಳದೆ ನನ್ನ ಹೆಸರಿನಲ್ಲಿ ಹರಕೆಯಾ ಅಮ್ಮ? ಅದು ಊರ್ಜಿತ ಅಲ್ಲ."

"ನಿನಗೆ ಬೋಧ ಇಲ್ಲದಾಗ ನಿನ್ನ ವಕಾಲತ್ತು ನನ್ನದು. ಬೇಕಾದ್ರೆ ಮೇಲಿನ ಕೋರ್ಟಿಗೆ ಹೋಗು."

ನಾನು ನಕ್ಕೆ. ಆದರೆ ಆ ಹರಕೆ ನಮಗೆಲ್ಲ ಎಷ್ಟು ಅನುಕೂಲವಾಯಿತೆಂದು ಈಗ ನೆನೆದರೆ ನಾಚಿಕೆಯಾಗುತ್ತದೆ. ಬಂದವರು ಬೈಕು ಯಾಕೆ ಬಿಟ್ಟಿರಿ ಎಂದು ಕೇಳಿದರೆ, ಅಮ್ಮನ ಹರಕೆ ಎಂದರಾಯಿತು. ಕಕ್ಷಿದಾರರು ಕೇಳಿದರೂ ಅಮ್ಮನ ಹರಕೆ. ನಮ್ಮ ಕಡೆಯವರಿಗೆ ಅದರ ಮೇಲೆ ಪ್ರಶ್ನೆಯಿಲ್ಲ. ತಲೆದೂಗಿ ಕಾಫಿ ಕುಡಿದು ಹೋಗುತ್ತಾರೆ. ಡಾಕ್ಟರಮ್ಮ ಚೀಟಿಯಲ್ಲಿ ಬರೆದಿದ್ದ ಶಬ್ದವನ್ನು ಮನೆಯಲ್ಲಿ ಯಾರೂ ಬಾಯಲ್ಲಿ ಹೇಳಲಿಲ್ಲ. "ತಿರುವನಂತಪುರಕ್ಕೆ ಹೋಗಿ ಮಿದುಳಿನ ಪರೀಕ್ಷೆ ಮಾಡಿಸಿ," ಎಂದು ಅವಳು ಹೇಳಿದ್ದನ್ನೂ ನಾವು "ಭುಜ ತೋರಿಸಲಿಕ್ಕೆ" ಎಂದು ಮಾಡಿಕೊಂಡೆವು.

ಬೆಳಗಿನ ರೈಲಿನಲ್ಲಿ ಹೊರಟೆವು. ಚೈತ್ರಳನ್ನು ಅವಳ ಗೆಳತಿಯ ಮನೆಯಲ್ಲಿ ಬಿಟ್ಟಿದ್ದೆವು. ಅಮ್ಮ ತಾನೂ ಬರುತ್ತೇನೆಂದು ಹಟ ಹಿಡಿದಿದ್ದರು. ಕಿಟಕಿಯ ಹತ್ತಿರ ಕೂತು ಹಿನ್ನೀರು, ಸೇತುವೆ, ಚರ್ಚು ಎಲ್ಲ ನೋಡಿದರು. ಅಭಿಪ್ರಾಯ ಒಂದೂ ಹೇಳಲಿಲ್ಲ. ರೈಲಿನಲ್ಲಿ ಅಮ್ಮ ಸುಮ್ಮನೆ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.

ಆಸ್ಪತ್ರೆಯ ಹಾಲಿನಲ್ಲಿ ಕೂತವರನ್ನು ನೋಡಿ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಒಬ್ಬ ಗಂಡಸಿನ ಹುಬ್ಬಿನ ಮೇಲೆ ಹಳೆಯ ಹೊಲಿಗೆಗಳು ಒಂದರ ಮೇಲೊಂದು. ಒಬ್ಬಾಕೆಯ ಕೈ ಮೊಣಕೈವರೆಗೂ ಸುಟ್ಟ ಕಲೆ. ಒಲೆಯ ಮುಂದೆ ಬಿದ್ದಿದ್ದಿರಬೇಕು. ನಾನು ಇವರ ಪೈಕಿಯವನಲ್ಲ, ನನ್ನದು ಎಣ್ಣೆಯ ಕೇಸು ಎಂದು ಒಳಗೊಳಗೇ ಹೇಳಿಕೊಂಡೆ. ಅಷ್ಟರಲ್ಲಿ ನನ್ನ ಹೆಸರು ಕರೆದರು.

ಡಾಕ್ಟರು ವಯಸ್ಸಾದವರು, ಅವಸರವಿಲ್ಲದವರು. ಎಲ್ಲವನ್ನೂ ಮೊದಲಿಂದ ಕೇಳಿದರು. ಕೊನೆಗೆ ಅಮ್ಮನ ಕಡೆ ತಿರುಗಿ ಮಲಯಾಳದಲ್ಲಿ, "ಅಮ್ಮೇ, ನಿಮ್ಮ ಕುಟುಂಬದಲ್ಲಿ ಯಾರಿಗಾದರೂ ಹೀಗೆ ಬಂದದ್ದುಂಟೋ?" ಎಂದರು. ಕಾಸರಗೋಡಿನವರಿಗೆ ಮಲಯಾಳ ನೀರು ಕುಡಿದ ಹಾಗೆ. ಅಮ್ಮ ಒಂದು ಕ್ಷಣವೂ ತಡೆಯಲಿಲ್ಲ.

"ಇಲ್ಲ. ನಮ್ಮ ಮನೆಯಲ್ಲಿ ಅಂಥದ್ದು ಯಾರಿಗೂ ಇಲ್ಲ."

ಹೊರಗೆ ಬಂದು ಕೂತೆವು. ಹಾಸಿಗೆ ಯಾವಾಗ ಖಾಲಿಯಾಗುತ್ತದೆಂದು ಹೇಳುವವರೆಗೆ ಕಾಯಬೇಕಿತ್ತು. ಅಮ್ಮನ ಪಕ್ಕದಲ್ಲಿ ಕೊಲ್ಲಂನಿಂದ ಬಂದ ಒಬ್ಬಾಕೆ, ಅವಳ ಆಚೆಗೆ ಮದುವೆ ವಯಸ್ಸಿನ ಮಗಳು. ಎದುರುಗಡೆ ಗೋಡೆಗೊರಗಿ ಒಬ್ಬ ತರುಣ ಆ ಹುಡುಗಿಯ ಎಕ್ಸ್‌ರೇ ಲಕೋಟೆ ಹಿಡಿದು ನಿಂತಿದ್ದ.

"ಮಗಳಿಗಾ?" ಎಂದು ಅಮ್ಮ ಮೆಲ್ಲಗೆ ಕೇಳಿದರು.

"ಹೌದು ಅಕ್ಕಾ, ಅಪಸ್ಮಾರ," ಎಂದಳು ಆಕೆ, ಮೂರ್ಛೆರೋಗವನ್ನು ನೆಗಡಿ ಎನ್ನುವ ಹಾಗೆ, ಅಕ್ಕಪಕ್ಕದ ಬೆಂಚಿಗೂ ಕೇಳುವಂತೆ. "ಮಾತ್ರೆ ಬದಲಿಸಲಿಕ್ಕೆ ಬಂದದ್ದು. ಮದುವೆ ನಿಶ್ಚಯವಾಗಿದೆ, ಅದಕ್ಕೆ ಮೊದಲು ಒಮ್ಮೆ ತೋರಿಸುವ ಅಂತ."

ಅಮ್ಮನ ಸ್ವರ ಇನ್ನೂ ಕೆಳಗಿಳಿಯಿತು. "ಹುಡುಗನ ಮನೆಯವರಿಗೆ ಗೊತ್ತುಂಟಾ?"

"ಅದೋ ಅಲ್ಲಿ ನಿಂತಿದ್ದಾನಲ್ಲ, ಅವನೇ ಹುಡುಗ. ತೋರಿಸದೆ ಮದುವೆ ಬೇಡ ಅಂತ ಕರೆದುಕೊಂಡು ಬಂದವನೂ ಅವನೇ. ನನ್ನನ್ನು ಜೊತೆಗೆ ಕರೆದದ್ದು ಊಟ ಕಟ್ಟಿಕೊಂಡು ಬರಲಿಕ್ಕೆ."

ಹುಡುಗಿ ನಾಚಿ ತಾಯಿಯ ತೊಡೆಗೆ ಚಿವುಟಿದಳು. ಅಮ್ಮ ಆ ತರುಣನನ್ನೇ ನೋಡುತ್ತಾ ಕೂತರು. ಅವನು ಗೋಡೆಯ ಮೇಲಿನ ಬೋರ್ಡು ಓದಿದ, ಲಕೋಟೆಯಿಂದ ಗಾಳಿ ಹಾಕಿಕೊಂಡ, ಹುಡುಗಿಗೆ ಕ್ಯಾಂಟೀನಿನಿಂದ ನೀರು ತಂದುಕೊಟ್ಟ. ಅವರನ್ನು ಒಳಗೆ ಕರೆದಾಗ ಮೂವರೂ ಒಟ್ಟಿಗೇ ಹೋದರು.

"ಶಂಕ್ರಾ," ಎಂದರು ಅಮ್ಮ. "ಸುಬ್ರಾಯ ಮಾವ ಹೇಗೆ ಸತ್ತ ಅಂತ ನಿನಗೆ ಗೊತ್ತುಂಟಾ?"

ಸುಬ್ರಾಯ ಮಾವ ಅಮ್ಮನ ತಮ್ಮ. ನಾನು ಹುಟ್ಟುವ ಮೊದಲೇ ಹೋದವ. "ದೇವಸ್ಥಾನದ ಕೆರೆಗೆ ಸ್ನಾನಕ್ಕೆ ಇಳಿದಾಗ ಕಾಲು ಜಾರಿ," ಎಂದೆ. ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದ ವಾಕ್ಯವೇ ಅದು.

"ಕಾಲು ಜಾರಿ. ಆ ಕೆರೆಯನ್ನು ಅವ ಮೂರು ಸುತ್ತು ಈಜ್ತಿದ್ದ. ಈಜು ಬರುವವ ಕೆರೆಯಲ್ಲಿ ಹೇಗೆ ಸಾಯ್ತಾನೆ ಅಂತ ನೀನು ಒಂದು ದಿನವಾದ್ರೂ ಕೇಳಿದ್ದೀಯಾ? ದೊಡ್ಡ ವಕೀಲ."

ಪಕ್ಕದಲ್ಲಿದ್ದ ವಿದ್ಯಾ ಮೆಲ್ಲಗೆ ಅಮ್ಮನ ಕೈ ಹಿಡಿದುಕೊಂಡಳು.

"ಊಟಕ್ಕೆ ಕೂತವ ಹಾಗೇ ನೋಡ್ತಾ ಇರ್ತಿದ್ದ. ತುಟಿ ಮಾತ್ರ ಆಡ್ತಿತ್ತು. ಅಮ್ಮ ಬೈತಿದ್ರು, ಅನ್ನದ ಮುಂದೆ ಕನಸು ಕಾಣ್ತೀಯಾ ಅಂತ. ಒಂದೆರಡು ಸಲ ಬಿದ್ದ, ನೊರೆ ಬಂತು. ಆಗ ನಾನು, ನನ್ನ ತಂಗಿ, ಇಬ್ಬರೂ ಮದುವೆಗೆ ಇದ್ದವರು. ಅಪ್ಪ ಬಾಗಿಲು ಹಾಕಿ ಎಲ್ಲರನ್ನೂ ಕೂರಿಸಿ ಹೇಳಿದ್ರು, ನಮ್ಮ ಮನೆಯಲ್ಲಿ ಅಂಥದ್ದು ಯಾರಿಗೂ ಇಲ್ಲ. ನಿನ್ನ ಅಪ್ಪನಿಗೂ ನಾನು ಹೇಳಿಲ್ಲ. ಹೇಳಿ ಹೇಳಿ ಅದು ನನ್ನ ಬಾಯಿಯಲ್ಲಿ ಹಾಗೇ ಬರ್ತದೆ. ಈಗ ಚೈತ್ರ ಒಬ್ಬಳು ಉಂಟಲ್ಲ, ನಾಳೆ ಅವಳಿಗೂ..."

ಅಮ್ಮ ಸೆರಗು ಸರಿಮಾಡಿಕೊಂಡು ಎದ್ದರು. ಬಾಗಿಲಲ್ಲಿ ನಿಂತಿದ್ದ ಸಿಸ್ಟರಿಗೆ, "ಡಾಕ್ಟರಿಗೆ ಒಂದು ಮಾತು ಹೇಳಲಿಕ್ಕುಂಟು. ಆಗ ಹೇಳಿದ್ದು ಸರಿ ಇರಲಿಲ್ಲ," ಎಂದು ಮಲಯಾಳದಲ್ಲಿ ಹೇಳಿ, ಕರೆಯುವವರೆಗೆ ಅಲ್ಲೇ ನಿಂತರು. ಕೂರಿ ಎಂದರೆ ಕೂರಲಿಲ್ಲ. ಒಳಗೆ ಡಾಕ್ಟರು ಎಲ್ಲ ಕೇಳಿ ಬರೆದುಕೊಂಡು ಪೆನ್ನು ಮುಚ್ಚಿದರು. "ಅಮ್ಮೇ, ನನ್ನ ಕೆಲಸ ಅರ್ಧ ಆಯಿತು," ಎಂದರಷ್ಟೇ. ಹರಕೆ ಹೊತ್ತ ದಿನ ಅಮ್ಮನ ಕಣ್ಣ ಮುಂದೆ ಇದ್ದದ್ದು ಯಾವ ಕೆರೆ ಎಂದು ನನಗೆ ಆಗ ತಿಳಿಯಿತು.

ಹಾಸಿಗೆ ಸಿಗಲು ಕೆಲವು ವಾರ ಬೇಕಾಯಿತು. ಮತ್ತೆ ಹೋದೆವು, ಈ ಸಲ ವಿದ್ಯಾ ಮತ್ತು ನಾನು. ತಲೆತುಂಬ ಅಂಟು ಹಚ್ಚಿ ತಂತಿಗಳನ್ನು ಕೂರಿಸಿದರು, ಮೇಲೆ ಬಟ್ಟೆ ಸುತ್ತಿದರು. ಗೋಡೆಯಲ್ಲಿ ಕ್ಯಾಮೆರಾ. ನನಗೆ ಕಾಯಿಲೆ ಬರುವುದನ್ನು ಹಿಡಿಯಬೇಕು, ಬರುವವರೆಗೆ ನಾನು ಅಲ್ಲಿರಬೇಕು. ಬರಲಿ ಎಂದು ಬೇಡಬೇಕೋ, ಬಾರದಿರಲಿ ಎಂದೋ? ಬಾರದಿದ್ದರೆ ಎಣ್ಣೆ ಗೆದ್ದ ಹಾಗೆ. ಬಂದರೆ? ಕಳ್ಳನನ್ನು ಹಿಡಿಯಲೆಂದು ಮನೆಯ ಬಾಗಿಲು ತೆರೆದಿಟ್ಟು ಒಳಗೆ ಕೂತವನ ಹಾಗೆ ನನ್ನ ಪಾಡು.

ವಿದ್ಯಾಳ ಕೈಗೆ ಒಂದು ಬಟನ್ ಕೊಟ್ಟಿದ್ದರು. ನನ್ನಲ್ಲಿ ಏನಾದರೂ ವ್ಯತ್ಯಾಸ ಕಂಡರೆ ಒತ್ತಬೇಕು. ಪಾಪ, ಅವಳು ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಾ ಕೂತಳು. ನಾನು ಅಗಿಯುವುದು ನಿಲ್ಲಿಸಿದರೆ ಅವಳ ಬೆರಳು ಬಟನ್ನಿಗೆ ಹೋಗುತ್ತಿತ್ತು.

"ರೀ, ಮಾತಾಡಿ."

"ಯೋಚನೆ ಮಾಡ್ತಿದ್ದೇನೆ ಮಾರಾಯ್ತಿ."

"ಜೋರಾಗಿ ಯೋಚನೆ ಮಾಡಿ. ಒಳಗೊಳಗೇ ಮಾಡಿದ್ರೆ ನಂಗೇನು ಗೊತ್ತಾಗತ್ತೆ?"

ಮದುವೆಯಾಗಿ ಅಷ್ಟು ವರ್ಷದಲ್ಲಿ ಅವಳು ನನ್ನನ್ನು ಅಷ್ಟು ಹೊತ್ತು ನೋಡಿದ್ದೇ ಇಲ್ಲ ಎಂದು ಚೇಷ್ಟೆ ಮಾಡಿದೆ. ಅವಳು ನಕ್ಕಳು, ಬೆರಳು ಬಟನ್ನಿನ ಮೇಲೆಯೇ ಇತ್ತು.

ಒಂದು ಬೆಳಿಗ್ಗೆ ತಿಂಡಿಗೆ ಪುಟ್ಟು, ಅಂದರೆ ಅಕ್ಕಿಹಿಟ್ಟಿನ ಕಡುಬು, ಕಡಲೆಯ ಜೊತೆ ತಿನ್ನುತ್ತಿದ್ದೆ. ವಿದ್ಯಾ ಬ್ಯಾಂಕಿನ ಯಾವುದೋ ವಿಷಯ ಹೇಳುತ್ತಿದ್ದಳು. ಇದ್ದಕ್ಕಿದ್ದ ಹಾಗೆ ನೋಡಿದರೆ ರೂಮಿನಲ್ಲಿ ಇಬ್ಬರು ಸಿಸ್ಟರ್‌ಗಳು, ಒಬ್ಬ ಡಾಕ್ಟರು. ವಿದ್ಯಾ ಗೋಡೆಗೊರಗಿ ನಿಂತಿದ್ದಾಳೆ. "ಎಂತ ಆಯ್ತು? ಯಾಕೆ ಎಲ್ಲ ಬಂದದ್ದು?" ಎಂದೆ. "ಏನೂ ಆಗಲಿಲ್ಲವಲ್ಲ," ಎಂದು ನಾನೇ ಅವಳಿಗೆ ಸಮಾಧಾನ ಹೇಳಿದೆ.

ಅದನ್ನು ಅವರು ನನಗೆ ತೋರಿಸಿದರು. ಪರದೆಯ ಮೇಲೆ ನಾನು, ಕೈಯಲ್ಲಿ ಪುಟ್ಟಿನ ತುಂಡು. ಕಣ್ಣು ತೆರೆದೇ ಇದೆ, ನೋಡುವವ ಮಾತ್ರ ಇಲ್ಲ. ತುಟಿಗಳು ಏನನ್ನೋ ಸವಿಯುವ ಹಾಗೆ ಆಡುತ್ತಿವೆ. ವಿದ್ಯಾ ರೀ ರೀ ಎಂದು ಕೂಗುತ್ತಿದ್ದಾಳೆ, ಗಲ್ಲ ತಟ್ಟುತ್ತಿದ್ದಾಳೆ. ಆ ಮನುಷ್ಯ ಪುಟ್ಟನ್ನು ಬೆರಳಲ್ಲಿ ಹಿಸುಕಿ ಹಿಸುಕಿ ಹಾಸಿಗೆಯ ಮೇಲೆ ಪುಡಿ ಉದುರಿಸುತ್ತಿದ್ದಾನೆ. ಆಮೇಲೆ ನಿಧಾನಕ್ಕೆ ತಲೆ ತಿರುಗಿಸಿ, ನನ್ನ ಸ್ವರದಲ್ಲಿ, ಎಂತ ಆಯ್ತು ಎಂದು ಕೇಳುತ್ತಾನೆ. ಬಿದ್ದದ್ದಕ್ಕಿಂತ, ಎಲುಬು ಮುರಿದದ್ದಕ್ಕಿಂತ, ಅದು ನನ್ನನ್ನು ಹೆದರಿಸಿತು. ಏನೋ ಆಗುತ್ತಿದೆ ಎಂದು ನನಗೆ ತಿಳಿದೀತು, ತಿಳಿದ ಕೂಡಲೇ ಬೈಕು ಬದಿಗೆ ನಿಲ್ಲಿಸಿದರಾಯಿತು ಎಂದು ಅಲ್ಲಿಯವರೆಗೆ ಅಂದುಕೊಂಡಿದ್ದೆ.

ಮಾತ್ರೆ ಶುರುವಾಯಿತು. ಮೊದಮೊದಲು ಹಗಲಿಡೀ ತೂಕಡಿಕೆ. ಕೋರ್ಟಿನಲ್ಲಿ ವಾದದ ನಡುವೆ ಒಂದು ಶಬ್ದಕ್ಕೆ ತಡವರಿಸಿದರೂ, ಬಂತೋ ಎಂದು ಹೆದರುತ್ತಿದ್ದೆ. ಗಡಿಯಾರ ನೋಡಿ, ಈಗಷ್ಟೇ ನೋಡಿದ್ದೇನಲ್ಲ, ನಡುವೆ ನಾನು ಎಲ್ಲಿಗೂ ಹೋಗಲಿಲ್ಲ ತಾನೆ ಎಂದು ಪರೀಕ್ಷೆ ಮಾಡಿಕೊಳ್ಳುವ ಚಟ ಹತ್ತಿತು. ಇದನ್ನು ಓದುವ ಯಾರಿಗಾದರೂ ಆ ಚಟ ಇದ್ದರೆ, ಅದು ನಿಮಗೊಬ್ಬರಿಗೇ ಅಲ್ಲ. ಮೆಲ್ಲಗೆ ಹೋಗುತ್ತದೆ. ನನ್ನದು ಪೂರ್ತಿ ಹೋಗಿಲ್ಲ.

ಚೈತ್ರ ಶಾಲೆಯ ವ್ಯಾನಿಗೆ ಹೋಗತೊಡಗಿದಳು. ವ್ಯಾನಿನಲ್ಲಿ ಎಲ್ಲರೂ ಮಲಯಾಳ. ಸಂಜೆ "ಶಾಲೆಯಲ್ಲಿ ಎಂತ ಆಯ್ತು?" ಎಂದರೆ, "ಒನ್ನುಮಿಲ್ಲ," ಏನಿಲ್ಲ ಎಂದು ಬ್ಯಾಗು ಇಳಿಸಿ ಹೋಗುವಳು. ಮನೆಯಲ್ಲಿ ಹೆಲ್ಮೆಟ್ ಹಾಕಿಕೊಂಡು ಕೂರಲಿಕ್ಕಾಗುತ್ತದೆಯೇ? ಎರಡು ವರ್ಷದಲ್ಲಿ ಅವಳ ಬಾಯಿಂದ ಕನ್ನಡ ಹೆಚ್ಚುಕಡಿಮೆ ಅಳಿಸಿಹೋಯಿತು. ಅದಕ್ಕೆ ಕಾಯಿಲೆ ಒಂದೇ ಕಾರಣ ಅಲ್ಲ, ವಯಸ್ಸೂ ಇರಬಹುದು. ನಾನು ಮಾತ್ರ ಬೈಕಿನ ಖಾತೆಗೇ ಬರೆದುಕೊಂಡೆ.

ಎರಡು ವರ್ಷ ಒಂದೇ ಒಂದು ಸಲವೂ ಬರಲಿಲ್ಲ. ತಿರುವನಂತಪುರದ ಡಾಕ್ಟರಿಗೆ ಬೈಕಿನ ವಿಷಯ ಕೇಳಿದೆ.

"ಮಾತ್ರೆ ತಪ್ಪಿಸದಿದ್ದರೆ ಬರುವ ಸಾಧ್ಯತೆ ಕಡಿಮೆ," ಎಂದರು. "ಬರುವುದೇ ಇಲ್ಲ ಅಂತ ನಾನು ಬರೆದುಕೊಡುವುದಿಲ್ಲ. ಕಾನೂನು ಏನು ಹೇಳುತ್ತದೆ ಅಂತ ವಕೀಲರಿಗೆ ನಾನು ಹೇಳಬೇಕೇ?"

ಮೂರ್ಛೆರೋಗ ಇರುವವರಿಗೆ ಲೈಸೆನ್ಸ್ ಇಲ್ಲವೆನ್ನುವ ಆ ಕಾನೂನನ್ನು ನಾನು ಓದಿದೆ. ಬೇರೆಯವರ ಕೇಸಿಗೆ ಓದುವುದಕ್ಕಿಂತ ಹೆಚ್ಚು ಆಸ್ಥೆಯಿಂದ ಓದಿ, ಅದರಲ್ಲಿ ಸಂದು ಹುಡುಕಿ, ನನ್ನ ಪರವಾಗಿ ನಾನೇ ವಾದಿಸಿದೆ. ನನ್ನ ಕಿವಿಗೆ ನಾನು ಗೆದ್ದೂ ಗೆದ್ದೆ. ಉಳಿದದ್ದು ಹರಕೆ ಒಂದೇ.

ಆ ಸಲ ಊರಿಗೆ ಹೋಗಿ ಬಂದ ಅಮ್ಮ ಪ್ರಸಾದದ ಜೊತೆಗೆ ಬೈಕಿನ ಕೀಯನ್ನೂ ನನ್ನ ಕೈಯಲ್ಲಿಟ್ಟರು. ಫೋಟೋದ ಹಿಂದಿನ ಹಳದಿ ಗಂಟು ಇರಲಿಲ್ಲ.

"ದೇವರಿಗೆ ತಪ್ಪುಕಾಣಿಕೆ ಹಾಕಿ ಬಿಡಿಸಿಕೊಂಡು ಬಂದೆ," ಎಂದರು. "ಹೆದರಿ ಹೇಳಿದ ಮಾತು ಅದು. ನನ್ನ ಹೆದರಿಕೆಯನ್ನು ದೇವರ ಹೆಗಲಿಗೆ ಹಾಕಿ ನಿನ್ನ ಬಾಯಿ ಮುಚ್ಚಿಸಿದೆ."

"ಹಾಗಾದ್ರೆ ಓಡಿಸಬಹುದಾ ಬೈಕು?"

"ಅದು ನಿನಗೆ ಬಿಟ್ಟದ್ದು."

"ಬೇಡ ಅಂತ ಹೇಳುವುದಿಲ್ವಾ ಅಮ್ಮ?"

"ಹೇಳಿದ್ರೆ ನೀನು ನನ್ನ ಮಾತಿಗೆ ಸುಮ್ಮನೆ ಕೂರ್ತೀ. ನಾನಿಲ್ಲದ ದಿನ ಹೋಗಿ ಹತ್ತುತ್ತೀ. ನಿನಗೇ ಬೇಡ ಅನ್ನಿಸಬೇಕು ಮಗ. ಇಲ್ಲದಿದ್ರೆ ಹತ್ತು."

ವಿದ್ಯಾಳ ಮುಖ ನೋಡಿದೆ. "ನಾನು ಏನೂ ಹೇಳಲ್ಲ ರೀ," ಎಂದಳು. "ಅದನ್ನ ನೀವು ಟೀವೀಲಿ ನೋಡಿದ್ರಿ. ನಾನು ಎದುರಿಗೇ ಕೂತು ನೋಡಿದೀನಿ."

ಅದಕ್ಕೂ ನಾನು ನಿಲ್ಲಲಿಲ್ಲ. ಭಾನುವಾರ ಬೈಕಿನ ಹೊದಿಕೆ ತೆಗೆದು, ಧೂಳು ಒರೆಸಿ, ಹೊಸ ಬ್ಯಾಟರಿ ಹಾಕಿಸಿ, ಫ್ಲ್ಯಾಟಿನ ಕಾಂಪೌಂಡಿನ ಒಳಗೇ ಸುತ್ತು ಹಾಕಿದೆ. ಕೈಗೆ ಕ್ಲಚ್ಚು ಮರೆತಿರಲಿಲ್ಲ. ಮುಖಕ್ಕೆ ಗಾಳಿ ಬಡಿದಾಗ ಎರಡು ವರ್ಷದ ಮಾತ್ರೆಯ ಮಂಕು ಇಳಿದ ಹಾಗಾಯಿತು. ಹೆದರಿಕೆ ಎಲ್ಲಿ ಎಂದು ಹುಡುಕಿದೆ. ಇರಲಿಲ್ಲ. ನಾಳೆಯೇ ರಸ್ತೆಗಿಳಿಸುವುದೆಂದು ಗಟ್ಟಿ ಮಾಡಿದೆ.

ಸೋಮವಾರ ಬೆಳಿಗ್ಗೆ ಹೊಸ ಹೆಲ್ಮೆಟ್ ಹಾಕಿ ಬೈಕು ಸ್ಟಾರ್ಟ್ ಮಾಡಿ ನಿಂತಿದ್ದೆ. ನಾನೊಬ್ಬನೇ ಹೋಗುವುದೆಂದಿತ್ತು. ಚೈತ್ರ ಮೆಟ್ಟಿಲಿಳಿದು ಬಂದಳು. ಆಗ ಹತ್ತನೇ ಕ್ಲಾಸು, ನನ್ನ ಕಿವಿಯವರೆಗೆ ಬೆಳೆದಿದ್ದಳು. ವ್ಯಾನಿಗೆ ಕಾಯಬೇಕಾದವಳು ಬೈಕು ಕಂಡದ್ದೇ ಬ್ಯಾಗನ್ನು ಬೆನ್ನಿಗೆ ಬಿಗಿದು, ನನ್ನನ್ನು ಕೇಳುವ ಗೋಜಿಗೂ ಹೋಗದೆ ಹಿಂದೆ ಹತ್ತಿ ಕೂತಳು. ಗಲ್ಲ ಹೆಗಲ ಮೇಲೆ ಬಂತು.

"ಅಪ್ಪ, ಹೋಗುವ. ಲೇಟ್ ಆಗ್ತದೆ."

ಕನ್ನಡದಲ್ಲಿ. ಎರಡು ವರ್ಷ ನಾನು ಕಾದ ಸ್ವರ, ಕಾದ ಜಾಗದಲ್ಲೇ, ಕಿವಿಯ ಹಿಂದೆ.

ನನ್ನ ಕಾಲು ಗೇರಿನ ಮೇಲಿತ್ತು. ಅವಳ ಕೈ ನನ್ನ ಸೊಂಟದ ಮೇಲೆ ಎಷ್ಟು ಸಡಿಲವಾಗಿ ಕೂತಿತ್ತೆಂದರೆ, ಸೋಫಾದ ಮೇಲೆ ಇಟ್ಟ ಹಾಗೆ. ಹಿಡಿದುಕೊಂಡಿರಲಿಲ್ಲ. ಸಿಗ್ನಲಿನಲ್ಲಿ ನನ್ನ ಬೆನ್ನಿಗೆ ಗುದ್ದಿದವಳು, ಆಸ್ಪತ್ರೆಯಲ್ಲಿ ಡಾಕ್ಟರಿಗೆ ಎಲ್ಲ ಹೇಳಿದವಳು ಇವಳೇ. ಅವಳಲ್ಲಿ ಒಂದು ಚೂರು ಹೆದರಿಕೆ ಇದ್ದಿದ್ದರೆ ನಾನು ಬಹುಶಃ ಹೊರಡುತ್ತಿದ್ದೆ. ಏನೂ ಆಗುವುದಿಲ್ಲ ಮಗಾ ಎಂದು ಧೈರ್ಯ ಹೇಳಿ, ಆ ಮಾತನ್ನು ನಾನೂ ನಂಬಿ ಹೊರಡುತ್ತಿದ್ದೆ. ಅವಳಲ್ಲಿ ಅದು ಇರಲೇ ಇಲ್ಲ. ಅಪ್ಪ ಹೊರಟರೆ ಶಾಲೆ ಬರುತ್ತದೆ ಎಂದೇ ಅವಳು ಕೂತಿದ್ದಳು. ಇವಳಿಗೆ ಇಲ್ಲದ ಹೆದರಿಕೆಯನ್ನು ಇವಳ ಬದಲಿಗೆ ಯಾರಾದರೂ ಇಟ್ಟುಕೊಳ್ಳಬೇಕಲ್ಲ. ನಿನ್ನೆ ಕಾಂಪೌಂಡಿನಲ್ಲಿ ಹುಡುಕಿ ಸಿಗದದ್ದು ಈಗ ಒಮ್ಮೆಲೇ ಕಾಲಿನಿಂದ ಏರಿ ಬಂತು. ಗೇರಿನ ಮೇಲಿದ್ದ ಕಾಲನ್ನು ನೆಲಕ್ಕೆ ಊರಿದೆ. ಕೀ ತಿರುಗಿಸಿ ಆರಿಸಿದೆ.

"ಇಳಿ ಮಗಾ."

"ಎಂತ, ಪೆಟ್ರೋಲ್ ಇಲ್ವಾ?"

"ಪೆಟ್ರೋಲ್ ಉಂಟು. ಇಳಿ. ನಾನು ಇನ್ನು ಬೈಕು ಓಡಿಸುವುದಿಲ್ಲ."

ಇಳಿದಳು. ನನ್ನ ಮುಖ ನೋಡಿದಳು. ಅಷ್ಟರಲ್ಲಿ ಶಾಲೆಯ ವ್ಯಾನು ಗೇಟಿನೆದುರು ಬಂದು, ಯಾರನ್ನೂ ಕಾಣದೆ ಹೊರಟೂ ಹೋಗಿತ್ತು. "ಅಪ್ಪೋ ಎಙ್ಙನೆ ಪೋಗುಂ?" ಎಂದಳು. ಮತ್ತೆ ಮಲಯಾಳ. ಹಾಗಾದರೆ ಹೋಗುವುದು ಹೇಗೆ?

"ಬಸ್ಸಿನಲ್ಲಿ."

ವೈಟ್ಟಿಲ ಜಂಕ್ಷನ್ನಿನವರೆಗೆ ನಡೆದೆವು. ದಾರಿಯಿಡೀ ಅವಳು ವ್ಯಾನು ತಪ್ಪಿಸಿದ್ದಕ್ಕೆ ನನ್ನನ್ನು ಬೈಯುತ್ತಲೇ ಬಂದಳು, ಎಲ್ಲ ಮಲಯಾಳದಲ್ಲಿ. ನಾನು ಎಲ್ಲವನ್ನೂ ಕೇಳಿಸಿಕೊಂಡೆ, ಮಲಯಾಳದಲ್ಲೇ ಉತ್ತರ ಕೊಟ್ಟೆ. ಆ ಹೆಲ್ಮೆಟ್ಟನ್ನು ಬೈಕಿನ ಮೇಲೆಯೇ ಬಿಟ್ಟು ಬಂದಿದ್ದೆ. ಎರಡು ವಾರ ಬಿಟ್ಟು ಬೈಕಿನ ಜೊತೆಗೆ ಅದನ್ನೂ ಕೊಂಡವರಿಗೇ ಕೊಟ್ಟೆ.

ಬಸ್ಸು ತುಂಬಿತ್ತು. ಹೆಂಗಸರು ಮುಂದೆ, ಗಂಡಸರು ಹಿಂದೆ. ಅವಳು ಮುಂದಿನ ಬಾಗಿಲಿನಲ್ಲಿ ಹತ್ತಿದಳು, ನಾನು ಹಿಂದಿನದ್ದರಲ್ಲಿ. ಕಂಬಿ ಹಿಡಿದು ನಿಂತೆ. ತಲೆಗಳ ನಡುವೆ ಅವಳ ಎರಡು ಜಡೆ ಕಾಣುತ್ತಿತ್ತು, ಬಸ್ಸು ತಿರುಗಿದಲ್ಲಿ ಒಮ್ಮೆ ಮರೆಯಾಗಿ ಮತ್ತೆ ಕಂಡಿತು.

ಕಂಡಕ್ಟರ್ ಬಂದ. "ಎಲ್ಲಿಗೆ?"

"ಕಳಮಶ್ಶೇರಿ. ಒಂದು ಫುಲ್ಲು, ಒಂದು ಶಾಲೆಯ ಮಗು."

ಅವನು ನನ್ನ ಅಕ್ಕಪಕ್ಕ ನೋಡಿದ. "ಮಗು ಎಲ್ಲಿ?"

"ಮುಂದೆ ಇದ್ದಾಳೆ," ಎಂದೆ. "ಅಗೋ, ಕಾಣುತ್ತಾಳೆ."